ಕಡಿಮೆಯಲ್ಲೇ ಹೆಚ್ಚು ಕಂಡ ತಾಯಿ: ಡೋರಿಸ್ ಲಾಂಗೇಕರ್ ನೆನಪು

ಕಿಚನರ್, ವಾಟರ್‌ಲೂ ಕಡೆ ಕೆಲಸಕ್ಕೆ ಬಂದ ನಮ್ಮವರಿಗೆ ಮೆನೊನೈಟ್ ಅನ್ನೋ ಹೆಸರು ಹೊಸದಲ್ಲ. ಸೇಂಟ್ ಜೇಕಬ್ಸ್ ಸಂತೆಗೆ ತರಕಾರಿ ತರೋಕೆ ಹೋದಾಗ ಕಪ್ಪು ಕುದುರೆಗಾಡಿಗಳು, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಕಣ್ಣಿಗೆ ಬೀಳುತ್ತಾರೆ. ಆದರೆ ಮೆನೊನೈಟರೆಲ್ಲ ಕುದುರೆಗಾಡಿಯವರಲ್ಲ. ನಮ್ಮ ಹಾಗೇ ಕಾರು ಓಡಿಸಿಕೊಂಡು ಆಫೀಸಿಗೆ, ಫ್ಯಾಕ್ಟರಿಗೆ ಹೋಗುವವರೂ ಅವರಲ್ಲಿ ಬೇಕಾದಷ್ಟು ಜನ ಇದ್ದಾರೆ. 16ನೇ ಶತಮಾನದ ಯೂರೋಪಿನಲ್ಲಿ ಹುಟ್ಟಿದ ಈ ಕ್ರೈಸ್ತ ಪಂಗಡಕ್ಕೆ ಮೆನ್ನೊ ಸೈಮನ್ಸ್ ಎಂಬ ಡಚ್ ಪಾದ್ರಿಯಿಂದ ಹೆಸರು ಬಂತು. ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನ ಪಡೆಯಬೇಕು, ಆಯುಧ ಹಿಡಿಯಬಾರದು, ಸರಳವಾಗಿ ಬಾಳಬೇಕು ಎಂಬುದು ಅವರ ನಂಬಿಕೆ.

ಆ ಪಂಗಡದ ಒಬ್ಬ ತಾಯಿಯನ್ನು ಈ ಸಂಚಿಕೆಯಲ್ಲಿ ನೆನೆಯುತ್ತಿದ್ದೇವೆ. ಹೆಸರು ಡೋರಿಸ್ ಜಾನ್ಜೆನ್ ಲಾಂಗೇಕರ್. 1940ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಕೆ ಇಂಡಿಯಾನಾ ರಾಜ್ಯದ ಗೋಶೆನ್ ಕಾಲೇಜಿನಲ್ಲಿ ಗೃಹವಿಜ್ಞಾನ ಓದಿದರು. ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳ ತಾಯಿಯಾದರು, ಪೆನ್ಸಿಲ್ವೇನಿಯಾದ ಆ್ಯಕ್ರನ್ ಎಂಬ ಸಣ್ಣ ಊರಿನಲ್ಲಿ ಸಂಸಾರ ನಡೆಸಿದರು. ಮನೆ, ಮಕ್ಕಳು, ಚರ್ಚು, ಅಡುಗೆಮನೆ, ಇದೇ ಅವರ ಲೋಕ ಅಂತ ಹೊರಗಿನಿಂದ ನೋಡಿದವರು ಹೇಳಬಹುದಿತ್ತು. ಆದರೆ ಆ ಅಡುಗೆಮನೆಯ ಕಿಟಕಿ ಬಹಳ ದೂರದವರೆಗೆ ತೆರೆದಿತ್ತು.

1960ರ ದಶಕದಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಗಂಡನ ಜೊತೆ ವಿಯೆಟ್ನಾಮಿಗೆ ಹೋಗಿ ಪರಿಹಾರ ಕೆಲಸದಲ್ಲಿದ್ದರು. ಮುಂದೆ ಇಂಡೋನೇಷ್ಯಾದಲ್ಲೂ ಇದ್ದರು. ಇಬ್ಬರನ್ನೂ ಕಳಿಸಿದ್ದು ಮೆನೊನೈಟ್ ಸೆಂಟ್ರಲ್ ಕಮಿಟಿ. ರಷ್ಯಾ, ಉಕ್ರೇನ್ ಕಡೆ ಹಸಿದವರಿಗೆ ಅನ್ನ ಕೊಡಲೆಂದು 1920ರಲ್ಲಿ ಶುರುವಾದ ಸಂಸ್ಥೆ ಅದು. ಅದೇ ಸಂಸ್ಥೆಯ ಥ್ರಿಫ್ಟ್ ಅಂಗಡಿಗಳನ್ನು ಕೆನಡಾದ ನಾವೆಲ್ಲ ಬಲ್ಲೆವು. 1972ರಲ್ಲಿ ಮ್ಯಾನಿಟೋಬಾದ ಆಲ್ಟೋನಾ ಎಂಬ ಊರಿನ ಹೆಂಗಸರೇ ಮೊದಲ ಅಂಗಡಿ ತೆರೆದರು. ಬಂದ ಹೊಸದರಲ್ಲಿ ಚಳಿಗಾಲದ ಜಾಕೆಟ್ಟು, ಪಾತ್ರೆ, ಕುರ್ಚಿ ಅಂತ ಥ್ರಿಫ್ಟ್ ಅಂಗಡಿ ಹುಡುಕಿಕೊಂಡು ಹೋಗದ ನಮ್ಮವರು ಕಡಿಮೆ.

1974ರ ಹೊತ್ತಿಗೆ ಜಗತ್ತಿನಲ್ಲಿ ಆಹಾರದ ಬಿಕ್ಕಟ್ಟು ಬಂತು. ಹಲವು ದೇಶಗಳಲ್ಲಿ ಬೆಳೆ ಕೈಕೊಟ್ಟಿತ್ತು, ಎಣ್ಣೆ ಬೆಲೆ ಏರಿ ಗೊಬ್ಬರವೂ ತುಟ್ಟಿಯಾಗಿತ್ತು, ಬಾಂಗ್ಲಾದೇಶದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಆಗ ಕಮಿಟಿಯು ಉತ್ತರ ಅಮೆರಿಕದ ತನ್ನ ಜನರಿಗೆ, ಆಹಾರದ ಬಳಕೆ, ಖರ್ಚು ಎರಡನ್ನೂ ಶೇ 10ರಷ್ಟು ತಗ್ಗಿಸಿ ಎಂದು ಕರೆ ಕೊಟ್ಟಿತು.

ಕರೆ ಕೊಡುವುದು ಸುಲಭ. ಸಂಜೆ ಆರು ಗಂಟೆಗೆ ಹಸಿದ ಮಕ್ಕಳ ಮುಂದೆ ನಿಂತ ತಾಯಿ ಅದನ್ನು ಪಾಲಿಸೋದು ಹೇಗೆ? ಡೋರಿಸ್ ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಕೊಡಲಿಲ್ಲ, ಅಡುಗೆ ಪುಸ್ತಕದಿಂದ ಕೊಟ್ಟರು. ಚರ್ಚಿನ ಪತ್ರಿಕೆಗಳ ಮೂಲಕ ಗೃಹಿಣಿಯರಿಂದ, ಬೇರೆ ದೇಶಗಳಲ್ಲಿ ಸೇವೆ ಮಾಡಿ ಬಂದವರಿಂದ ಅಡುಗೆ ವಿಧಾನಗಳನ್ನು ತರಿಸಿಕೊಂಡರು, ಮಾಡಿ ನೋಡಿಸಿದರು, ಸುಮಾರು 500ನ್ನು ಆರಿಸಿದರು. 1976ರಲ್ಲಿ 'ಮೋರ್ ವಿತ್ ಲೆಸ್ ಕುಕ್‌ಬುಕ್' ಹೊರಬಂತು. ಅಂದರೆ, ಕಡಿಮೆಯಲ್ಲೇ ಹೆಚ್ಚು. ಇವತ್ತಿಗೂ ಅದು ಅಂಗಡಿಯಲ್ಲಿ ಸಿಗುತ್ತದೆ.

ಪುಸ್ತಕದ ಲೆಕ್ಕ ಸರಳ. ಒಂದು ಕಿಲೋ ದನದ ಮಾಂಸ ಬೆಳೆಸಲು ಹಲವು ಕಿಲೋ ಧಾನ್ಯ ಖರ್ಚಾಗುತ್ತದೆ. ಆ ಧಾನ್ಯವನ್ನೇ ಕಾಳಿನ ಜೊತೆ ತಿಂದರೆ ಹೆಚ್ಚು ಜನರ ಹೊಟ್ಟೆ ತುಂಬುತ್ತದೆ. ಅಕ್ಕಿ, ಗೋಧಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನ್ ಅಂಶ ಬೇಳೆಯಲ್ಲಿ ಧಾರಾಳ, ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಧಾನ್ಯದಲ್ಲಿ ಸಿಗುತ್ತದೆ. ಅನ್ನ ಸಾರು, ಚಪಾತಿ ದಾಲ್ ತಿಂದು ಬೆಳೆದ ನಮಗೆ ಇದೇನು ಹೊಸದು ಅನ್ನಿಸಬಹುದು. ಮಾಂಸವೇ ಊಟ ಎಂದುಕೊಂಡಿದ್ದ ನಾಡಿಗೆ ಇದು ಹೊಸ ಮಾತು. ಏಷ್ಯಾ, ಆಫ್ರಿಕಾದ ಬಡವರ ಅಡುಗೆಯಲ್ಲಿ ಕಲಿಯುವ ವಿದ್ಯೆ ಇದೆ ಅಂತ ಆಕೆ ತಮ್ಮವರಿಗೆ ಹೇಳಿದರು.

ಅಧ್ಯಾಯಗಳ ಕೊನೆಯಲ್ಲಿ, ಉಳಿದ ಅಡುಗೆಯನ್ನು ಏನು ಮಾಡಬೇಕು ಎಂಬುದಕ್ಕೇ ಒಂದು ಭಾಗವಿದೆ. ಐದು ಸಾವಿರ ಜನರ ಊಟವಾದ ಮೇಲೆ ಮಿಕ್ಕ ತುಣುಕುಗಳನ್ನು ಕೂಡಿಸಲು ಯೇಸು ಹೇಳಿದ ಪ್ರಸಂಗದಿಂದ ಅದಕ್ಕೆ ಹೆಸರಿಟ್ಟರು. ಆಕೆಯ ಭಕ್ತಿ ಅಂಥದ್ದು. ಭಾನುವಾರದ ಪ್ರಾರ್ಥನೆ ಬೇರೆ, ಸೋಮವಾರದ ತಂಗಳು ಬೇರೆ ಅಂತ ಇರಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಕಡಿಮೆ ತಿನ್ನಿ ಎಂಬ ಆ ಕರೆ ತುಂಬಿದ ಫ್ರಿಜ್ ಇದ್ದವರಿಗೆ. ಮನೆಗೆ ದುಡ್ಡು ಕಳಿಸಬೇಕು ಅಂತ ಮಧ್ಯಾಹ್ನದ ಊಟ ಬಿಟ್ಟು ಕಾಫಿ, ಡೋನಟ್‌ನಲ್ಲೇ ಶಿಫ್ಟ್ ಮುಗಿಸುವ ನಮ್ಮ ಹುಡುಗರಿಗಲ್ಲ. ಹಸಿದಿರುವುದನ್ನು ಡೋರಿಸ್ ಸರಳತೆ ಅಂತ ಕರೆಯಲಿಲ್ಲ. ದುಬಾರಿ ಪೊಟ್ಟಣದ ತಿಂಡಿ ಬಿಟ್ಟು ಕಾಳು ನೆನೆಸಿ ಬೇಯಿಸಿ, ನಾಲ್ಕು ಜನ ಕೂತು ಹೊಟ್ಟೆ ತುಂಬ ಉಣ್ಣಿ ಎಂಬುದು ಅವರ ಮಾತಿನ ಸಾರ. ರೂಮಿನಲ್ಲಿ ನಾಲ್ಕು ಜನ ಇದ್ದರೆ ವಾರಕ್ಕೆ ಎರಡು ಸಲ ದೊಡ್ಡ ಪಾತ್ರೆಯಲ್ಲಿ ಹುರುಳಿ, ಅಲಸಂದೆ, ರಾಜ್ಮಾ ಬೇಯಿಸಿಟ್ಟರೆ ಸಾಕು, ಡಬ್ಬಿಗೂ ಆಯಿತು, ರಾತ್ರಿಗೂ ಆಯಿತು.

ಪುಸ್ತಕಕ್ಕೆ ಹೆಸರು ಬಂತು, ಆದರೆ ಆಯುಷ್ಯ ಬರಲಿಲ್ಲ. ಕ್ಯಾನ್ಸರ್ ಆಗಿ 1979ರ ನವೆಂಬರ್‌ನಲ್ಲಿ ತೀರಿಕೊಂಡಾಗ ಡೋರಿಸ್‌ಗೆ 39 ವರ್ಷ. ಮಕ್ಕಳು ಇನ್ನೂ ಚಿಕ್ಕವರು. ಬಟ್ಟೆ, ಮನೆ, ಹಣ, ಹಬ್ಬ, ಎಲ್ಲದರಲ್ಲೂ ಸರಳವಾಗಿ ಬಾಳುವ ಬಗ್ಗೆ ಎರಡನೇ ಪುಸ್ತಕ ಬರೆಯುತ್ತಿದ್ದರು, ಅದು ಅರ್ಧಕ್ಕೇ ನಿಂತಿತು. ಹತ್ತಿರದವರು ಉಳಿದದ್ದನ್ನು ಪೂರ್ತಿ ಮಾಡಿ 1980ರಲ್ಲಿ 'ಲಿವಿಂಗ್ ಮೋರ್ ವಿತ್ ಲೆಸ್' ಎಂದು ಹೊರತಂದರು. ನ್ಯಾಯವಾಗಿ ನಡೆ, ಲೋಕದ ಜನರಿಂದ ಕಲಿ, ಮನುಷ್ಯರನ್ನು ಪೋಷಿಸು, ಪ್ರಕೃತಿಯನ್ನು ಪ್ರೀತಿಸು, ಲೋಕದ ರೂಢಿಗೆ ಕಟ್ಟುಬೀಳದೆ ಬಾಳು ಎಂಬ ಐದು ಸೂತ್ರಗಳು ಅದರ ಜೀವಾಳ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಮೊದಲ ಪುಸ್ತಕದಲ್ಲಿ ಅಡುಗೆಯ ಜೊತೆಗೆ ಅದನ್ನು ಕಳಿಸಿದವರ ಹೆಸರು, ಊರು ಅಚ್ಚಾಗಿದೆ. ಯಾವ ಪತ್ರಿಕೆಯಲ್ಲೂ ಹೆಸರು ಬಾರದ ಎಷ್ಟೋ ಗೃಹಿಣಿಯರು ಅಲ್ಲಿ ಉಳಿದಿದ್ದಾರೆ. ಮನೆಗೆಲಸವೂ ಒಂದು ವಿದ್ಯೆ, ಅದಕ್ಕೂ ಒಡತಿ ಇದ್ದಾಳೆ ಎಂಬುದನ್ನು ಡೋರಿಸ್ ಮರೆಯಲಿಲ್ಲ.

ನಮ್ಮ ತಾಯಂದಿರು ಮುದ್ದೆ, ಬಸ್ಸಾರು, ಜೋಳದ ರೊಟ್ಟಿ, ಗೊಜ್ಜು ಯಾವುದನ್ನೂ ಅಳತೆ ಬರೆದಿಟ್ಟು ಮಾಡಿದವರಲ್ಲ. ಕೈಯಳತೆ, ಕಣ್ಣಳತೆ. ಅವರ ಜೊತೆಗೇ ಅದು ಹೋಗಿಬಿಡುತ್ತದೆ. ಹಾಗಾಗಿ ಓದುಗರಲ್ಲಿ ನಮ್ಮದೊಂದು ಕೋರಿಕೆ: ಈ ವಾರ ಊರಿಗೆ ಫೋನ್ ಮಾಡಿದಾಗ ದುಡ್ಡು ಬಂತಾ, ಔಷಧಿ ತಗೊಂಡ್ಯಾ ಅಂತ ಕೇಳಿದ ಮೇಲೆ, ಒಂದು ಅಡುಗೆ ಹೇಗೆ ಮಾಡ್ತೀಯಮ್ಮ ಅಂತಲೂ ಕೇಳಿ. ಬರೆದುಕೊಳ್ಳಿ. ಕೆಳಗೆ ಅಮ್ಮನ ಹೆಸರು, ಊರು ಬರೆಯೋದನ್ನ ಮರೀಬೇಡಿ.