ಒಂದೇ ಪಂಪಿಗೆ ಲೋಡರ್, ನೇಗಿಲು, ಟ್ರೇಲರ್: ಟ್ರ್ಯಾಕ್ಟರ್ ಕೆಡುತ್ತದೆಯೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮಿನಿ ಟ್ರ್ಯಾಕ್ಟರ್ ಮಾಲೀಕರೇ, 'ಒಂದೇ ಹೈಡ್ರಾಲಿಕ್ ಪಂಪಿಗೆ ಎರಡು ಉಪಕರಣ ಜೋಡಿಸಿದರೆ ಪಂಪು ಸುಟ್ಟುಹೋಗುತ್ತದೆ' ಎಂಬ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡಬೇಡಿ, ಅದು ನಿಜವಲ್ಲ.

ಪಂಪು ಎಣ್ಣೆಯನ್ನು ತಳ್ಳುತ್ತದೆ ಅಷ್ಟೇ. ಒತ್ತಡ ಹುಟ್ಟುವುದು ಎತ್ತುವ ಭಾರದಿಂದ. ಮುಂದಿನ ಲೋಡರ್, ಹಿಂದಿನ ಲಿಫ್ಟ್ ಎರಡರ ಲಿವರನ್ನೂ ಒಟ್ಟಿಗೆ ಎಳೆದರೆ ಎಣ್ಣೆ ಹಗುರ ಇರುವ ಕಡೆಗೇ ಮೊದಲು ಓಡುತ್ತದೆ. ಭಾರದ್ದು ನಿಂತೇಬಿಡುತ್ತದೆ. ಇದನ್ನೇ ನಾವು 'ಪಂಪು ಸೋತಿತು' ಅನ್ನುತ್ತೇವೆ! ಒಂದಾದ ಮೇಲೊಂದು ಎಳೆದರೆ ಸಾಕು. ಭಾರ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆ ವಾಪಸ್ ಹೋಗುತ್ತದೆ. ಆಗಲೂ ಲಿವರ್ ಹಿಡಿದೇ ಇದ್ದರೆ ಮಾತ್ರ ಎಣ್ಣೆ ಕಾದು ಪಂಪು ಸವೆಯುತ್ತದೆ.

ನಿಜವಾದ ಶತ್ರು ಧೂಳು. ಮೆಕ್ಕೆಜೋಳ ಸಾಗಿಸಲು ಪಕ್ಕದವರ ಟಿಪ್ಪಿಂಗ್ ಟ್ರೇಲರ್ ತಂದಾಗ ಪೈಪಿನ ಬಾಯಿ ಒರೆಸಿಯೇ ಸಿಕ್ಕಿಸಿ. ಅದರ ಜಾಕ್ ಎಣ್ಣೆ ಎಳೆದುಕೊಳ್ಳುತ್ತದೆ, ಮಟ್ಟ ನೋಡಿ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಅದೇ ಎಣ್ಣೆ.

ಪೈಪು ಸೋರುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಬೈಕ್ ಟೈರಿನ ಹತ್ತಾರು ಪಟ್ಟು ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಸಣ್ಣದಾಗಿ ಕಂಡರೂ, ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು.