ರೀ, ಇಲ್ನೋಡಿ!

ನಮ್ಮ ಕನ್ನಡ ದಾಂಪತ್ಯಕ್ಕೊಂದು ಮೂಲಮಂತ್ರವಿದ್ದರೆ ಅದು ‘ರೀ, ಇಲ್ನೋಡಿ’ ಎಂಬುದೇ ಇರಬೇಕು. ಹಿತ್ತಿಲಲ್ಲಿ ಮೊದಲ ಟೊಮೇಟೊ ಕೆಂಪಾಗಿದೆ, ‘ರೀ, ಇಲ್ನೋಡಿ’. ಕಿಟಕಿಯಾಚೆ ವರ್ಷದ ಮೊದಲ ಹಿಮ, ‘ಲೇ, ಇಲ್ನೋಡೆ’. ಕರೆದವರಿಗೆ ಬೇಕಾದದ್ದು ಟೊಮೇಟೊ ಬಗ್ಗೆ ಅಭಿಪ್ರಾಯವಲ್ಲ, ಒಂದು ಗಳಿಗೆ ನಮ್ಮ ಗಮನ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಇಂಥ ಸಣ್ಣ ಕರೆಗಳನ್ನೇ ಎಣಿಸಿದವರು. ನವದಂಪತಿಗಳನ್ನು ಗಮನಿಸಿ, ಆರು ವರ್ಷಗಳ ನಂತರ ಮತ್ತೆ ವಿಚಾರಿಸಿದರು. ಜೊತೆಯಾಗಿ ಉಳಿದವರು ಅಂದು ನೂರರಲ್ಲಿ ಸರಾಸರಿ 86 ಕರೆಗಳಿಗೆ ಓಗೊಟ್ಟಿದ್ದರು. ಬೇರೆಯಾದವರು 33ಕ್ಕೆ ಮಾತ್ರ!

ಈಗ ಆ ಓಗೊಡುವಿಕೆಗೆ ಫೋನು ಅಡ್ಡ ಬಂದಿದೆ. ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದವರು ಅಮೆರಿಕದ 453 ಜನರನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 46 ಮಂದಿ ‘ಸಂಗಾತಿ ನನ್ನನ್ನು ಬಿಟ್ಟು ಫೋನು ನೋಡುತ್ತಾರೆ’ ಎಂದಿದ್ದರು.

ನಮ್ಮಂಥ ಅನಿವಾಸಿಗಳಿಗೆ ಇನ್ನೊಂದು ತೊಡಕು. ನ್ಯೂಜೆರ್ಸಿಯಲ್ಲಿ ಬೇಸಿಗೆಯ ರಾತ್ರಿ ಒಂಬತ್ತೆಂದರೆ ಮೈಸೂರಿನಲ್ಲಿ ಬೆಳಗಿನ ಆರೂವರೆ. ಗಂಡ ಹೆಂಡತಿಗೆ ದಿನದಲ್ಲಿ ಸಿಗುವ ಒಂದೇ ಬಿಡುವಿಗೆ ಸರಿಯಾಗಿ ಅಲ್ಲಿನ ವಾಟ್ಸಾಪ್ ಗುಂಪುಗಳು ಎದ್ದು ಕೂರುತ್ತವೆ. ನಮ್ಮತ್ತೆಯವರ ಶುಭೋದಯ, ಓರಗಿತ್ತಿಯ ಮೊಮ್ಮಗುವಿನ ನಾಮಕರಣದ ಫೋಟೋ! 1990ರ ದಶಕದಲ್ಲಿ ಫೋನ್ ಕಾರ್ಡ್ ಕೆರೆದು, ನಿಮಿಷ ಎಣಿಸುತ್ತ ಊರಿಗೆ ಮಾತಾಡಿದ ನಾವು ಈ ಉಪಕಾರ ಮರೆಯಲಾದೀತೆ? ಫೋನನ್ನು ಬೈದರೆ ಅತ್ತೆಯವರನ್ನೇ ಬೈದಂತಾದೀತು!

ಆದರೆ ಮೈಸೂರಿನ ಹತ್ತು ಜನಕ್ಕೆ ಉತ್ತರ ಬರೆಯುವಷ್ಟರಲ್ಲಿ ಪಕ್ಕದಲ್ಲಿದ್ದವರ ‘ಇಲ್ನೋಡಿ’ಗೆ ಬರಿಯ ‘ಹ್ಞೂಂ’ ಸಿಕ್ಕಿರುತ್ತದೆ. ಎರಡು ಸಲ ‘ಹ್ಞೂಂ’ ಕೇಳಿದ ಮೇಲೆ ಮೂರನೆಯ ಸಲ ಯಾರು ಕರೆಯುತ್ತಾರೆ, ಹೇಳಿ? ಜಗಳವಿಲ್ಲ, ಮುನಿಸಿಲ್ಲ. ಟೊಮೇಟೊ ನೇರವಾಗಿ ಫೇಸ್‌ಬುಕ್ಕಿಗೆ ಹೋಗುತ್ತದೆ. ನಲವತ್ತು ಲೈಕುಗಳಲ್ಲಿ ಒಂದು ಗಂಡನದೇ, ಅದೇ ಸೋಫಾದಲ್ಲಿ ಕೂತು ಒತ್ತಿದ್ದು! ನನಗೆ ಭಯವಾಗುವುದು ಜಗಳಕ್ಕಲ್ಲ, ಕರೆಯುವುದೇ ನಿಂತುಹೋಗುವುದಕ್ಕೆ.

ನಮ್ಮ ಮನೆಯಲ್ಲೊಂದು ಏರ್ಪಾಡಿದೆ. ರಾತ್ರಿ ತಟ್ಟೆ ಹಾಕಿದಾಗಿನಿಂದ ಪಾತ್ರೆ ತೊಳೆದು ಮುಗಿಯುವವರೆಗೆ ಎರಡೂ ಫೋನು ಅಕ್ಕಿ ಡಬ್ಬದ ಮೇಲೆ. ಅತ್ತೆಯವರೊಂದಿಗೆ ಮಾತು ಶನಿವಾರ ಬೆಳಿಗ್ಗೆ, ಇಬ್ಬರೂ ಕಾಫಿ ಹಿಡಿದು ಒಂದೇ ಪರದೆಯ ಮುಂದೆ. ಅವರಿಗೂ ಮಗ ಸೊಸೆಯನ್ನು ಒಟ್ಟಿಗೆ ನೋಡಿದ ಸಮಾಧಾನ.

ಈ ದೀಪಾವಳಿಗೆ ನಿಮ್ಮ ರಂಗೋಲಿಯ ಫೋಟೋ ಊರಿಗೆಲ್ಲ ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಮನೆಯೊಳಗಿರುವವರನ್ನು ಬಾಗಿಲಿಗೆ ಕರೆಯಿರಿ. ಕರೆದಾಗ ನೀವೂ ಎದ್ದು ಬನ್ನಿ, ಸ್ವಾಮಿ!