ಬಾಡಿಗೆದಾರ ಬದಲಾದರೆ ಅಂಗಡಿಯನ್ನೂ ಒಡೆಯಬೇಕೇ?

ಬೆಂಗಳೂರಿನ ವ್ಯಾಪಾರದ ಬೀದಿಗಳಲ್ಲಿ ರಾತ್ರಿ ಹತ್ತರ ಮೇಲೆ ನಡೆದುಹೋದರೆ, ಅರ್ಧ ಎಳೆದ ಶಟರಿನ ಹಿಂದಿನಿಂದ ಸುತ್ತಿಗೆಯ ಸದ್ದು ಕೇಳುವುದು ಅಪರೂಪವಲ್ಲ. ಬಾಡಿಗೆದಾರ ಬದಲಾಗಿರುತ್ತಾನೆ. ಮೊನ್ನೆ ಮೊನ್ನೆ ಕೂರಿಸಿದ ಫಾಲ್ಸ್ ಸೀಲಿಂಗ್, ಗೋಡೆಗೆ ಹೊಡೆದ ಪ್ಲೈವುಡ್, ಕೌಂಟರು, ರ‍್ಯಾಕು ಎಲ್ಲ ಚೂರಾಗಿ ಚೀಲ ಸೇರುತ್ತವೆ.

ಚೂರಾಗದೆ ಬೇರೆ ದಾರಿಯೂ ಇಲ್ಲ. ಕಿತ್ತ ಹಲಗೆಯೊಂದರ ಅಂಚು ನೋಡಿ: ಪ್ಲೈ, ಮೇಲೆ ಸನ್‌ಮೈಕಾ, ನಡುವೆ ಗೋಂದು. ಒಮ್ಮೆ ಅಂಟಿದ ಮೇಲೆ ಎರಡನ್ನೂ ಹಾಳಾಗದಂತೆ ಬಿಡಿಸಲಾಗದು. ಅಗ್ಗದ ಪ್ಲೈಯ ಪದರಗಳನ್ನು ಹಿಡಿದಿರುವುದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಹೊಸ ಅಂಗಡಿಯಲ್ಲಿ ಕಣ್ಣುರಿಸುವ ಗಾಳಿಯಲ್ಲಿ ಅದರ ಪಾಲೂ ಇದೆ. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ನಿರ್ಣಯಿಸಿತು. ಗಿರಾಕಿ ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾನೆ; ಕೌಂಟರಿನ ಹುಡುಗಿ ದಿನವಿಡೀ ಅದನ್ನೇ ಉಸಿರಾಡುತ್ತಾಳೆ. ನನಗೆ ಹೆಚ್ಚು ಸಂಕಟವಾಗುವುದು ಇದೇ.

2016ರ ಕಟ್ಟಡ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರಿದವರಿಗೆ ಮರ, ಕಬ್ಬಿಣ, ಇಟ್ಟಿಗೆ ಬೇರ್ಪಡಿಸುವ ಹೊಣೆ ಹೊರಿಸಿದವು. ಒಂದು ಬಟ್ಟೆಯಂಗಡಿಯ ಅವಶೇಷ ಆ ಲೆಕ್ಕಕ್ಕೆ ಎಂದೂ ಬರುವುದಿಲ್ಲ. ಒಂದೊಂದೂ ಸಣ್ಣದು, ಸೇರಿದರೆ ಗುಡ್ಡ.

ದೀಪದ ವಿಷಯ ಸುಲಭ. 50 ವ್ಯಾಟಿನ 40 ಹ್ಯಾಲೊಜೆನ್ ದೀಪಗಳು ಹತ್ತು ಗಂಟೆ ಉರಿದರೆ 20 ಯೂನಿಟ್. ಅಲ್ಲಿ 7 ವ್ಯಾಟಿನ ಎಲ್‌ಇಡಿ ಹಾಕಿದರೆ ಮೂರು ಯೂನಿಟ್ಟೂ ಆಗದು. ಹ್ಯಾಲೊಜೆನ್ನಿನ ಬಿಸಿ ತಣಿಸಲು ಏಸಿ ದುಡಿಯುವುದೂ ತಪ್ಪುತ್ತದೆ.

ಕಷ್ಟವಿರುವುದು ಮರಗೆಲಸದಲ್ಲಿ. ಅಂಟಿಸುವ ಬದಲು ಸ್ಕ್ರೂ, ಬೋಲ್ಟು ಹಾಕಿದರೆ ರ‍್ಯಾಕು ಬಿಚ್ಚಿ ಮುಂದಿನ ಮಳಿಗೆಗೆ ಒಯ್ಯಬಹುದು. ಕಬ್ಬಿಣದ ಚೌಕಟ್ಟಾದರೆ ಕೊನೆಗೆ ಗುಜರಿಯಲ್ಲೂ ಬೆಲೆಯಿದೆ. ಚಿಕ್ಕಪೇಟೆಯ ಹಳೆಯ ಸೀರೆ ಅಂಗಡಿಗಳು ಬಿಳಿ ಬಟ್ಟೆ ಹೊದಿಸಿದ ಗಾದಿ, ಗೋಡೆಗೊಂದಿಷ್ಟು ಕಪಾಟು ಇಟ್ಟುಕೊಂಡೇ ಮದುವೆ ಜವಳಿ ಮಾರಿದವು. ಕಣ್ಣು ಕೋರೈಸಿದ್ದು ಸೀರೆ, ಸೀಲಿಂಗ್ ಅಲ್ಲ.

ಮಳಿಗೆಯ ಮಾಲೀಕರಲ್ಲಿ ಒಂದು ಕೋರಿಕೆ. ‘ಖಾಲಿ ಮಾಡುವಾಗ ಎಲ್ಲ ಕಿತ್ತು ಕೊಡಬೇಕು’ ಎಂಬ ಷರತ್ತು ನಿಮ್ಮ ಕರಾರಿನಲ್ಲಿದ್ದರೆ ತೆಗೆದುಹಾಕಿ. ಹಳಬರು ಬೀಗದ ಕೈ ಕೊಡುವ ಮುಂಚೆ ಹೊಸಬರನ್ನೊಮ್ಮೆ ಒಳಗೆ ಕರೆದು, ಇರುವುದರಲ್ಲಿ ಏನೇನು ಬೇಕೆಂದು ಕೇಳಿ.